ಜೇಬಿನಲ್ಲಿದ್ದ ಟಪಾಲು

ನಾನು ಟಪಾಲು ಹಂಚುವವನು. ಹಾವೇರಿಯಿಂದ ಕರ್ಜಗಿಯ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಊರು. ನಮ್ಮೂರಿನ ಜೊತೆಗೆ ಇನ್ನೆರಡು ಹಳ್ಳಿಗಳ ಕಾಗದಪತ್ರಗಳೂ ನನ್ನ ಹೆಗಲ ಚೀಲದಲ್ಲೇ ಹೋಗುತ್ತವೆ. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ಮೊದಲು ಸೈಕಲ್ ಇತ್ತು, ಈಗ ಮೋಟಾರ್ ಸೈಕಲ್. ಓದಿದ್ದು ಹತ್ತನೆಯ ಇಯತ್ತೆ, ಅದೂ ಎರಡನೇ ಸಲಕ್ಕೆ ಪಾಸು. ಬರೆಯುವ ರೂಢಿ ನನಗಿಲ್ಲ. ಬೇರೆಯವರು ಬರೆದದ್ದನ್ನು ಮುಟ್ಟಿಸುವುದಷ್ಟೇ ಗೊತ್ತು. ಹಾಗಿದ್ದೂ ಬರೆಯುತ್ತಿದ್ದೇನೆ, ಏಕೆಂದರೆ ನಾನು ಮುಟ್ಟಿಸದೆ ಬಿಟ್ಟ ಟಪಾಲು ಒಂದಿದೆ. ಅದು ನನ್ನ ತಂಗಿಯದು.

ನಮ್ಮ ಕೆಲಸಕ್ಕೆ ಅದರದ್ದೇ ಕಟ್ಟುನಿಟ್ಟು ಇದೆ. ಬಂದ ಕಾಗದಕ್ಕೆ ಬಂದ ದಿನದ ಮುದ್ರೆ ಬೀಳಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕಾಗದದ ಬೆನ್ನಿಗೆ ‘ಮನೆಗೆ ಬೀಗ’ ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಬೇಕು. ಮರುದಿನ ಮತ್ತೆ ಹೋಗಬೇಕು. ಕೆಲವು ದಿನ ಕಾದರೂ ತೆಗೆದುಕೊಳ್ಳುವವರು ಸಿಗಲಿಲ್ಲವೆಂದರೆ ಕಳಿಸಿದವರಿಗೆ ಹಿಂದಿರುಗಿಸಬೇಕು. ಕಾಗದದ ಬೆನ್ನು ನೋಡಿದರೆ ಅದು ಯಾವ ಬಾಗಿಲಿಗೆ ಎಷ್ಟು ಸಲ ಹೋಗಿ ನಿಂತಿತ್ತು ಎಂಬುದು ತಿಳಿಯುತ್ತದೆ. ರಿಜಿಸ್ಟರ್ ಆದರಂತೂ ಸಹಿ ಇಲ್ಲದೆ ಕೈಬಿಡುವ ಹಾಗಿಲ್ಲ. ಇದರಲ್ಲಿ ನನಗೆ ಹೆಮ್ಮೆ ಇತ್ತು. ಮಳೆಗಾಲದಲ್ಲಿ ವರದಾ ನದಿಯ ನೀರು ರಸ್ತೆಗೆ ಬಂದಾಗ ಚೀಲವನ್ನು ತಲೆಯ ಮೇಲಿಟ್ಟುಕೊಂಡು ದಾಟಿದ್ದೇನೆ. ಅಂಗಿ ತೋಯ್ದಿದೆ, ಕಾಗದ ತೋಯ್ದಿಲ್ಲ.

ಮೊದಲೆಲ್ಲ ನಮ್ಮ ಕಡೆ ಸಾವಿನ ಸುದ್ದಿಯ ಕಾರ್ಡು ಬರುತ್ತಿತ್ತು. ಬರೆದವರು ಅದರ ಒಂದು ಮೂಲೆಯನ್ನು ಹರಿದು ಕಳಿಸುತ್ತಿದ್ದರು. ನಾನು ಸೈಕಲ್ ಇಳಿಯುವ ಮೊದಲೇ ಹೆಂಗಸರು ಹೊಸ್ತಿಲಲ್ಲಿ ನಿಂತು, “ಮೂಲಿ ನೆಟ್ಟಗೈತೇನೋ ತಮ್ಮಾ?” ಎಂದು ಕೇಳುತ್ತಿದ್ದರು. ನೆಟ್ಟಗಿದ್ದರೆ ಒಳಗೆ ಕರೆದು ಚಹಾ ಕೊಡುತ್ತಿದ್ದರು. ಹರಿದಿದ್ದರೆ ಅದು ಮನೆಯೊಳಗೆ ಹೋಗುತ್ತಿರಲಿಲ್ಲ. ಹೊಸ್ತಿಲ ಹೊರಗೇ ಓದಿಸಿ, ಅಲ್ಲೇ ಚೂರು ಚೂರು ಮಾಡಿ ಚೆಲ್ಲುತ್ತಿದ್ದರು. ಕೆಟ್ಟ ಸುದ್ದಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂಬುದು ರೂಢಿ. ಈಗ ಅಂಥ ಕಾರ್ಡುಗಳಿಲ್ಲ, ಸಾವಿನ ಸುದ್ದಿ ಫೋನಿನಲ್ಲಿ ಬರುತ್ತದೆ. ನನ್ನ ಚೀಲದಲ್ಲಿ ಹೆಚ್ಚಾಗಿ ಇರುವುದು ಬ್ಯಾಂಕಿನ ನೋಟಿಸು, ವಿಮೆಯ ಕಾಗದ, ಆಧಾರ್ ಕಾರ್ಡು. ಆದರೆ ಆ ರೂಢಿ ನನ್ನ ಕೈಯಲ್ಲಿ ಉಳಿದಿತ್ತು. ಅದು ಏನು ಮಾಡಿಸಿತು ಎಂಬುದನ್ನೇ ಹೇಳಬೇಕಾಗಿದೆ.

ತಂಗಿ ನನಗಿಂತ ಏಳು ವರ್ಷ ಚಿಕ್ಕವಳು. ಗಂಡ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಹನ್ನೊಂದು ವರ್ಷದ ಮಗಳನ್ನು ಕರೆದುಕೊಂಡು, ನಾನೂ ಹೆಂಡತಿಯೂ ಇದ್ದ ನಮ್ಮ ಮನೆಗೆ ಬಂದಳು. ಬರುವಾಗ ತಂದದ್ದು ಎರಡು ಟ್ರಂಕು, ಒಂದು ಹೊಲಿಗೆ ಯಂತ್ರ. ಪಡಸಾಲೆಯ ಕಿಟಕಿಯ ಹತ್ತಿರ ಯಂತ್ರ ಇಟ್ಟುಕೊಂಡು ಕುಪ್ಪಸ ಹೊಲಿಯತೊಡಗಿದಳು. ಅವಳ ಕೈ ಬಹಳ ಚೆನ್ನಾಗಿತ್ತು. ಅಗಡಿಯ ಹೆಂಗಸರೂ ಬಸ್ಸು ಹತ್ತಿ ಬಂದು ಅವಳ ಹತ್ತಿರ ಹೊಲಿಸಿಕೊಂಡು ಹೋಗುತ್ತಿದ್ದರು. ಟೇಪು ಹಿಡಿಯುವ ಮೊದಲೇ ಕಣ್ಣಿನಲ್ಲಿ ಅಳತೆ ಹೇಳುತ್ತಿದ್ದಳು. ಆಮೇಲೆ ಟೇಪು ಹಿಡಿದರೆ ಅಷ್ಟೇ ಇರುತ್ತಿತ್ತು.

ಆರು ವರ್ಷದ ಹಿಂದೆ ರಾಣೆಬೆನ್ನೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಒಂದು ಕೇಂದ್ರಕ್ಕೆ ಶಿಕ್ಷಕಿ ಬೇಕೆಂದು ಪೇಪರಿನಲ್ಲಿ ಬಂತು. ಹತ್ತನೆಯ ಇಯತ್ತೆ ಸಾಕು, ಕೈಕೆಲಸ ಬರಬೇಕು, ಅಲ್ಲೇ ಇರಲು ಎರಡು ಕೋಣೆ ಕೊಡುತ್ತಾರೆ ಎಂದಿತ್ತು. ತಂಗಿ ಆ ತುಂಡನ್ನು ಕತ್ತರಿಸಿ ಯಂತ್ರದ ಡ್ರಾಯರಿನಲ್ಲಿ ಇಟ್ಟುಕೊಂಡಳು. ಎರಡು ದಿನ ಬಿಟ್ಟು ನನ್ನ ಹತ್ತಿರ ಬಂದು ಅಂದಳು, “ಅಣ್ಣಾ, ಎರಡು ಖೋಲಿ ಅಂದ್ರ ನನಗೂ ಮಗಳಿಗೂ ಸಾಕಲ್ಲ?”

“ಇಲ್ಲಿ ಏನ ಕಡಿಮಿ ಆಗೈತಿ?” ಎಂದೆ.

“ಕಡಿಮಿ ಆಗಿಲ್ಲೋ. ಬಾಗಿಲಿಗೆ ನಂದೊಂದು ಚಿಲಕ ಬೇಕು ಅನಸೈತಿ. ಅಷ್ಟ.”

ಅರ್ಜಿಯನ್ನು ಕಂಪ್ಯೂಟರಿನಲ್ಲೇ ಹಾಕಬೇಕಿತ್ತು. ಹಾವೇರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಹೆಸರು, ವಯಸ್ಸು ಎಲ್ಲ ಕೇಳುತ್ತ ತುಂಬಿದ. ಅನುಭವ ಏನು ಎಂದಾಗ ತಂಗಿ ‘ಮನೆಯಲ್ಲಿ ಹೊಲಿಗೆ’ ಎಂದಳು. ವಿಳಾಸವನ್ನು ನಾನೇ ಹೇಳಿದೆ, ಪಿನ್‌ಕೋಡಿನ ಒಂದೊಂದು ಅಂಕಿಯನ್ನೂ ಬಿಡಿಸಿ ಬಿಡಿಸಿ, ಸ್ವಲ್ಪ ಜೋರಾಗಿಯೇ. ಆಮೇಲೆ ಅವನು ಇ-ಮೇಲ್ ಕೇಳಿದ.

“ಅದ್ಯಾಕ?” ಎಂದೆ.

“ಖಾನೆ ಐತ್ರಿ. ತುಂಬಲಿಲ್ಲಂದ್ರ ಅರ್ಜಿ ಮುಂದ ಹೋಗಂಗಿಲ್ಲ.”

ತಂಗಿಯ ಹತ್ತಿರ ಇದ್ದದ್ದು ಬರೀ ಮಾತಾಡುವ ಫೋನು. ನನ್ನ ಫೋನಿನಲ್ಲಿ ನೆಟ್ ಇತ್ತು. ಅವನು ನನ್ನ ಫೋನು ತೆಗೆದುಕೊಂಡು ಐದು ನಿಮಿಷದಲ್ಲಿ ಒಂದು ಇ-ಮೇಲ್ ಮಾಡಿಕೊಟ್ಟ. “ದಿನಾ ತಗದು ನೋಡ್ರಿ ಮತ್ತ,” ಎಂದ.

“ಏ ತಮ್ಮಾ, ಊರ ಮಂದಿ ಕಾಗದಾನೆಲ್ಲಾ ದಿನಾ ನೋಡಾಂವ ನಾನು. ನನಗ ಹೇಳ್ತೀಯೇನು?” ಎಂದೆ. ಅವನು ನಕ್ಕ. ತಂಗಿಯೂ ನಕ್ಕಳು.

ಇಲ್ಲಿಂದ ಮುಂದಿನದು ನನ್ನ ಮೂರ್ಖತನ, ಅದಕ್ಕೂ ಮುಂದಿನದು ಪಾಪ. ಎರಡನ್ನೂ ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ಇ-ಮೇಲ್ ಎನ್ನುವುದು ಅಪ್ಪನ ಹೆಸರು, ಜಾತಿ ಇದ್ದ ಹಾಗೆ ಅರ್ಜಿಯ ಒಂದು ಖಾನೆ ಎಂದೇ ನಾನು ತಿಳಿದೆ. ತುಂಬಿದರೆ ಮುಗಿಯಿತು. ಸಂದರ್ಶನದ ನಿಜವಾದ ಕರೆ ಬರುವುದು ಉದ್ದನೆಯ ಲಕೋಟೆಯಲ್ಲಿ, ಮೇಲೆ ಮುದ್ರೆ, ಒಳಗೆ ಸಹಿ. ಅದು ರಾಣೆಬೆನ್ನೂರಿನಿಂದ ಹಾವೇರಿಗೆ, ಹಾವೇರಿಯಿಂದ ನಮ್ಮೂರಿಗೆ, ನನ್ನ ಚೀಲಕ್ಕೆ ಬರಲೇಬೇಕು. ಬೇರೆ ಹಾದಿಯಾದರೂ ಎಲ್ಲಿದೆ? ಬೇರೆ ಕೆಲಸದವನಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದೆನೇನೋ. ಟಪಾಲಿನ ವಿಷಯದಲ್ಲಿ ನಾನು ಇನ್ನೊಬ್ಬರನ್ನು ಕೇಳುವುದೆಂದರೇನು?

ದಿನಾ ಬೆಳಿಗ್ಗೆ ಚೀಲ ಬಿಚ್ಚಿದ ತಕ್ಷಣ ರಾಣೆಬೆನ್ನೂರಿನ ಮುದ್ರೆಯನ್ನೇ ಹುಡುಕುತ್ತಿದ್ದೆ. ಹಂಚುವ ಹಾದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಲೂ ಇದ್ದೆ. ಕಟ್ಟೆಯ ಮೇಲೆ ಕೂತಿರುವ ಒಬ್ಬ ಮುದುಕಿ ಇದ್ದಾಳೆ, ಕಣ್ಣು ಸರಿಯಾಗಿ ಕಾಣುವುದಿಲ್ಲ, ನಾಲಗೆ ಮಾತ್ರ ಚುರುಕು. ಅವಳಿಗೆ, “ಆಯೀ, ನಮ್ಮ ತಂಗೀ ನೌಕರಿ ಕಾಗದ ಬರೂದೈತಿ. ನನ್ನ ಕೈಲೇ ಆಕೀಗೆ ಕೊಡ್ತೀನಿ ನೋಡು” ಎಂದೆ.

“ಕೊಡು ಕೊಡು. ಬಕ್ಷೀಸಿಗೆ ಒಂದ ಅಂಗಿ ಹೊಲಸ್ಕೋ. ಈ ಅಂಗಿ ನೋಡಿದ್ರ ನಾಯಿ ಬೊಗಳತಾವು,” ಎಂದಳು ಅವಳು.

ತಂಗಿ ಬಾಯಿಬಿಟ್ಟು ಹೆಚ್ಚು ಕೇಳುತ್ತಿರಲಿಲ್ಲ. ಮಧ್ಯಾಹ್ನ ನಾನು ಬಂದು ಚೀಲ ಇಳಿಸುವಾಗ ಯಂತ್ರದ ಸದ್ದು ನಿಲ್ಲುತ್ತಿತ್ತು. “ಇವತ್ತ?” ಎನ್ನುವಳು. “ಇಲ್ಲ” ಎನ್ನುವೆ. ಸದ್ದು ಮತ್ತೆ ಶುರುವಾಗುವುದು. ಕರೆ ಬಂದಾಗ ಕತ್ತರಿಸಿ ತೋರಿಸು ಎಂದರೆ ಕೈ ನಡುಗಬಾರದೆಂದು ಹಳೆಯ ಪೇಪರುಗಳನ್ನು ತಂದು ದಿನಾ ಕುಪ್ಪಸದ ಅಳತೆಗೆ ಕತ್ತರಿಸುತ್ತಿದ್ದಳು. ಮನೆಯ ತುಂಬ ಕಾಗದದ ತೋಳು, ಕಾಗದದ ಬೆನ್ನು. ಮಗಳು ಅವನ್ನು ಬೊಂಬೆಗೆ ತೊಡಿಸಿ ಆಡುತ್ತಿದ್ದಳು.

ಆ ದಿನಗಳಲ್ಲಿ ನನ್ನ ಫೋನಿನಲ್ಲಿ ಇ-ಮೇಲಿನ ಗುರುತಿನ ಮೇಲೆ ಒಂದು ಕೆಂಪು ಚುಕ್ಕೆ, ಅದರೊಳಗೆ ಒಂದು ಅಂಕಿ ಕಾಣುತ್ತಿತ್ತು. ಅಂಕಿ ದಿನಾ ಬೆಳೆಯುತ್ತಿತ್ತು. ಯಾವುದೋ ಅಂಗಡಿಯ ಜಾಹೀರಾತು ಇರಬೇಕೆಂದು ಬಿಟ್ಟೆ.

ಸುಮಾರು ಎರಡು ತಿಂಗಳಾದ ಮೇಲೆ ತಂಗಿಯ ಮಗಳ ಜಾತಿ ಪ್ರಮಾಣಪತ್ರಕ್ಕೆಂದು ಅದೇ ಅಂಗಡಿಗೆ ಹೋದೆ. ಈ ಸಲ ಒಬ್ಬನೇ. ಅಂಗಡಿಯವನು ಯಾವುದೋ ನಂಬರ್ ಬಂದಿರುತ್ತದೆ ನೋಡೋಣ ಎಂದು ನನ್ನ ಇ-ಮೇಲ್ ತೆಗೆದ. ಬೆರಳಿನಿಂದ ಸರಿಸುತ್ತ ಸರಿಸುತ್ತ ಒಂದು ಕಡೆ ನಿಲ್ಲಿಸಿದ.

“ಅಣ್ಣಾರ, ಇದೇನ್ರಿ? ರಾಣೆಬೆನ್ನೂರಿಂದ ಬಂದೈತಿ.”

“ಏನು ಬಂದೈತಿ?”

“ಸಂದರ್ಶನಕ್ಕ ಬರ್ರಿ ಅಂತ. ಸ್ವಂತ ಕತ್ತರಿ, ಟೇಪು, ಒಂದು ಮೀಟರ್ ಅರಿವಿ ತರಬೇಕಂತ.” ಆಮೇಲೆ ಇನ್ನೊಮ್ಮೆ ಓದಿ ಅಂದ, “ತಾರೀಖ ಮುಗದೈತ್ರೀ. ಹತ್ತೊಂಬತ್ತು ದಿನ ಆತು. ಇದರ ಮ್ಯಾಲ ಇನ್ನೊಂದ ಬಂದೈತಿ, ನೀವು ಬರಲಿಲ್ಲ, ಅದಕ್ಕ ಅರ್ಜಿ ಕೈಬಿಟ್ಟೀವಿ ಅಂತ.”

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಹೆಗಲ ಮೇಲೆ ಚೀಲ ಇತ್ತು. ಎರಡು ತಿಂಗಳು ನಾನು ಆ ಚೀಲದಲ್ಲಿ ಹುಡುಕಿದ ಕಾಗದ ಬಂದ ದಿನದಿಂದಲೂ ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಇದರಲ್ಲಿ ಇ-ಮೇಲಿನ ತಪ್ಪು ಇಲ್ಲ. ಕಳಿಸಿದ ನಿಮಿಷಕ್ಕೇ ಅದು ಬಂದು ಮುಟ್ಟಿದೆ. ನಾನು ಅಷ್ಟು ಬೇಗ ಯಾವ ಕಾಗದವನ್ನೂ ಯಾರಿಗೂ ಮುಟ್ಟಿಸಿಲ್ಲ. ಆದರೆ ಅದು ಬಾಗಿಲು ಬಡಿಯುವುದಿಲ್ಲ. ನಿನ್ನೆ ಬಂದಿದ್ದೆ, ಇವತ್ತು ಮತ್ತೆ ಬಂದೆ ಎನ್ನುವುದಿಲ್ಲ. ತೆಗೆದುಕೊಳ್ಳುವವರು ಇಲ್ಲವೆಂದು ಬೆನ್ನಿಗೆ ಬರೆಸಿಕೊಂಡು ಹಿಂದಿರುಗುವುದೂ ಇಲ್ಲ. ಕಳಿಸಿದವರು ಸಿಕ್ಕಿದೆ ಎಂದುಕೊಂಡಿರುತ್ತಾರೆ, ಸಿಗಬೇಕಾದವರು ಇನ್ನೂ ಬಂದಿಲ್ಲ ಎಂದುಕೊಂಡಿರುತ್ತಾರೆ. ನಡುವೆ ಒಬ್ಬ ಹಂಚುವವನು ಬೇಕೇ ಬೇಕು. ಇಲ್ಲಿ ಆ ಹಂಚುವವನು ನಾನೇ ಆಗಿದ್ದೆ, ಅದು ನನಗೆ ಗೊತ್ತಿರಲಿಲ್ಲ. ಇಷ್ಟು ಮೂರ್ಖತನ.

“ಅಳಸಿಬಿಡು,” ಎಂದೆ.

“ಅಳಸೂದ್ಯಾಕ್ರಿ? ಕೆಳಗ ಫೋನ್ ನಂಬರ್ ಐತಿ. ಒಂದ ಸಲ ಮಾಡಿ ಕೇಳ್ರಿ. ಒಮ್ಮೊಮ್ಮೆ ಇನ್ನೊಂದ ತಾರೀಖ ಕೊಡ್ತಾರ.”

“ಅಳಸು ಅಂದ್ನೆಲ್ಲ.”

ಹೊಸ್ತಿಲ ಹೊರಗೆ ನಿಂತು ಮೂಲೆ ಹರಿದ ಕಾರ್ಡನ್ನು ಚೂರು ಮಾಡುವವರನ್ನು ಎಷ್ಟೋ ಸಲ ನೋಡಿದವನು ನಾನು. ಇದನ್ನೂ ಮನೆಯೊಳಗೆ ಒಯ್ಯಬಾರದು ಎನಿಸಿತು. ಹಾಗೆ ಹೇಳಿಕೊಂಡರೆ ರೂಢಿಯ ಮೇಲೆ ತಪ್ಪು ಹಾಕಿದ ಹಾಗಾಗುತ್ತದೆ. ನಿಜವೆಂದರೆ ನನಗೆ ನಾಚಿಕೆಯಾಗಿತ್ತು. ಮೂರು ಊರಿಗೆ ಟಪಾಲು ಹಂಚುವವನು ಸ್ವಂತ ತಂಗಿಯದನ್ನು ಕೊಡಲಿಲ್ಲ ಎಂದು ಮಂದಿ ಆಡಿಕೊಳ್ಳುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು. ಅವನು ಅಳಿಸಿದ. ಫೋನು ಕೊಡುವಾಗ, “ಮೂವತ್ತ ದಿನ ಇಲ್ಲಿ ಕಸದ ಬುಟ್ಯಾಗ ಇರತೈತ್ರಿ. ಮನಸ ಬದಲಾದ್ರ ತಗೀರಿ,” ಎಂದು ತೆಗೆಯುವ ರೀತಿಯನ್ನೂ ತೋರಿಸಿದ.

ಮನೆಗೆ ಬಂದೆ. ಯಂತ್ರದ ಸದ್ದು ನಿಂತಿತು.

“ಹಾವೇರ್‍ಯಾಗ ವಿಚಾರಿಸಿದೆ,” ಎಂದೆ. “ಆರಿಸೂದು ಮುಗದೈತಂತ. ನಿನ್ನ ಹೆಸರು ಬಂದಿಲ್ಲ.”

ಅವಳು ಸೂಜಿಯ ಕೆಳಗಿನ ಬಟ್ಟೆಯನ್ನು ಬಿಡಿಸಿಕೊಂಡಳು. “ಅನುಭವ ಕೇಳಿದಾಗ ಮನೆಯಲ್ಲಿ ಹೊಲಿಗೆ ಅಂತ ಹೇಳಿದ್ನೆಲ್ಲ, ಅದಕ್ಕ ಇರಬೇಕು. ಓದಿ ನಕ್ಕಿರಬೇಕು ಅವರು.”

“ಇರಬಹುದು,” ಎಂದೆ.

ನಾನು ಮಾಡಿದ ಪಾಪ ಆ ಒಂದು ಮಾತು. ಕರೆ ತಪ್ಪಿಸಿದ್ದು ಗೊತ್ತಿಲ್ಲದೆ ಆದದ್ದು. ‘ಇರಬಹುದು’ ಎಂದದ್ದು ಗೊತ್ತಿದ್ದೂ ಆಡಿದ್ದು. ಅವರು ನಕ್ಕಿರಲಿಲ್ಲ, ಅವಳ ಅರ್ಜಿ ಓದಿ ಕತ್ತರಿ ತೆಗೆದುಕೊಂಡು ಬಾ ಎಂದು ಕರೆದಿದ್ದರು.

ಆಮೇಲಿನ ಮೂವತ್ತು ದಿನ ನಾನು ಪ್ರತಿದಿನ ಇ-ಮೇಲ್ ತೆಗೆದು ನೋಡಿದೆ. ಅದಕ್ಕೆ ಮೊದಲು ಒಂದು ದಿನವೂ ನೋಡದವನು. ಹಂಚುವ ಹಾದಿಯಲ್ಲಿ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಕಸದ ಬುಟ್ಟಿ ತೆಗೆದು, ಅದು ಇದೆಯೇ ಎಂದು ನೋಡಿ ಮುಚ್ಚುತ್ತಿದ್ದೆ. ತೆಗೆದು ತೋರಿಸೋಣ ಎಂದುಕೊಳ್ಳುತ್ತಿದ್ದೆ, ನಾಳೆ ಎಂದುಕೊಳ್ಳುತ್ತಿದ್ದೆ. ಅದರ ಕೆಳಗಿದ್ದ ಫೋನ್ ನಂಬರನ್ನು ಎರಡು ಸಲ ಒತ್ತಿ, ಗಂಟೆ ಬಾರಿಸುವ ಮೊದಲೇ ಕತ್ತರಿಸಿದೆ. ಒಂದು ದಿನ ನೋಡಿದಾಗ ಬುಟ್ಟಿ ಖಾಲಿ ಇತ್ತು. ಆಗ ನನಗೆ ಸಮಾಧಾನ ಆಯಿತು. ಅದನ್ನು ಬರೆಯುವಾಗ ಈಗ ಕೈ ಹಿಂಜರಿಯುತ್ತದೆ, ಆದರೆ ಆದದ್ದು ಸಮಾಧಾನವೇ.

ತಂಗಿಯ ಕೈ ಕೆಟ್ಟದ್ದನ್ನು ನಾನು ಕಣ್ಣೆದುರೇ ನೋಡಿದೆ. ಹೊಲಿದದ್ದನ್ನು ಬಿಚ್ಚತೊಡಗಿದಳು. ತೋಳು ಕೂಡಿಸಿ, ನೋಡಿ, ಬಿಚ್ಚಿ, ಮತ್ತೆ ಕೂಡಿಸುವಳು. ಕಣ್ಣಳತೆ ಹೇಳುವುದನ್ನು ಬಿಟ್ಟು ಟೇಪನ್ನು ಮೂರು ಮೂರು ಸಲ ಹಿಡಿಯುತ್ತಿದ್ದಳು. ಅಗಡಿಯಿಂದ ಮದುವೆಯ ಕುಪ್ಪಸ ತಂದವರಿಗೆ, “ಪ್ಯಾಟ್ಯಾಗ ಕೊಡ್ರೀ ಅಕ್ಕಾರ, ನನ್ನ ಕೈ ಅಷ್ಟ ನಾಜೂಕಿಲ್ಲ” ಎಂದಳು. ವರ್ಷ ತುಂಬುವುದರೊಳಗೆ ಯಂತ್ರವನ್ನು ಓಣಿಯ ಒಬ್ಬ ಹುಡುಗಿಗೆ ಕೊಟ್ಟುಬಿಟ್ಟು, ಮಗಳನ್ನು ಕರೆದುಕೊಂಡು ಬ್ಯಾಡಗಿಗೆ ಹೋದಳು. ಅಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಅದಕ್ಕೆ ಯಾರೂ ಅರ್ಜಿ ಕೇಳುವುದಿಲ್ಲ.

ಐದು ವರ್ಷ ಹಾಗೇ ಹೋಯಿತು. ಹಬ್ಬಕ್ಕೆ ಬರುತ್ತಿದ್ದಳು, ನಾನೂ ಹೋಗುತ್ತಿದ್ದೆ. ಅವಳು ಸಂಶಯ ಪಡಲಿಲ್ಲ. ಅವಳು ಒಂದು ಸಲ ಬೈದಿದ್ದರೂ ನಾನು ಹೇಳಿಬಿಡುತ್ತಿದ್ದೆ ಎಂದುಕೊಳ್ಳುತ್ತೇನೆ. ಇದೂ ಒಂದು ನೆಪ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳ ಮಗಳು ಫೋನು ಮಾಡಿದಳು. ಈಗ ಕಾಲೇಜಿಗೆ ಹೋಗುತ್ತಾಳೆ.

“ಮಾಮಾ, ರಾಣೆಬೆನ್ನೂರ ಸೆಂಟರಿನಾಗ ಮತ್ತ ಕರದಾರ, ಹೊಲಿಗಿ ಟೀಚರ್‌ಗೆ. ನಾನು ಮೊಬೈಲಿನಾಗ ನೋಡೇನಿ. ವಯಸ್ಸಿನ ಲೆಕ್ಕದಾಗ ಅವ್ವಗ ಈ ವರ್ಷನ ಕಡೀ. ಅರ್ಜಿ ಹಾಕೂಣು ಅಂದ್ರ ಒಲ್ಲೆ ಅಂತಾಳ.”

“ಯಾಕಂತ?”

“ಒಮ್ಮೆ ನೋಡಿ ಬ್ಯಾಡ ಅಂದಾರ, ಮತ್ಯಾಕ ಹೋಗಿ ನಗಿಸ್ಕೋಬೇಕು ಅಂತಾಳ. ನೀನ ಹೇಳು. ನಿನ್ನ ಮಾತ ಕೇಳ್ತಾಳ.” ಆಮೇಲೆ, “ಲಗೂ ಹೇಳು ಮಾಮಾ. ಎಂಟ ದಿನ ಐತಿ,” ಎಂದಳು.

ನಿನ್ನ ಮಾತ ಕೇಳ್ತಾಳ. ಕೇಳಿದ್ದರಿಂದಲೇ ಹೀಗಾಗಿತ್ತು. ಸುಮ್ಮನೆ ಧೈರ್ಯ ಹೇಳಿದರೆ ಸಾಲದು ಎಂದು ನನಗೆ ತಿಳಿಯಿತು. ಅವರು ಅವಳನ್ನು ಬೇಡವೆನ್ನಲಿಲ್ಲ, ಕರೆದಿದ್ದರು ಎಂದು ಹೇಳಿದರೆ ಮಾತ್ರ ಅವಳು ಏಳುತ್ತಾಳೆ. ಹೇಳಬೇಕಾದವನು ನಾನೊಬ್ಬನೇ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಕಾಗದ ಬರೆಯೋಣ ಎಂದು ಕೂತೆ. ಸಾವಿರಾರು ಕಾಗದ ಹಂಚಿದ್ದೇನೆ, ತಂಗಿಗೆ ಒಂದೂ ಬರೆದಿರಲಿಲ್ಲ. ಇನ್‌ಲ್ಯಾಂಡ್ ಬಿಡಿಸಿಟ್ಟುಕೊಂಡು ‘ತಂಗಿಗೆ ಅಣ್ಣನ ಆಶೀರ್ವಾದಗಳು’ ಎಂದು ಬರೆದು ನಿಲ್ಲಿಸಿದೆ. ಆಶೀರ್ವಾದ ಮಾಡಲು ನಾನ್ಯಾರು ಎಂದು ಅದನ್ನು ಹೊಡೆದುಹಾಕಿದೆ. ಎರಡು ದಿನ ಅದರಲ್ಲೇ ಹೋಯಿತು. ಮೂರನೆಯ ದಿನ ಹೇಗೋ ಮುಗಿಸಿ ಅಂಟು ಹಚ್ಚುವಾಗ ಲೆಕ್ಕ ಹಾಕಿದೆ. ಇವತ್ತು ಶುಕ್ರವಾರ. ನಾಳೆ ಹಾವೇರಿ ಬಿಡುತ್ತದೆ, ನಾಡಿದ್ದು ಭಾನುವಾರ, ಸೋಮವಾರ ಗಣರಾಜ್ಯೋತ್ಸವದ ರಜೆ. ಬ್ಯಾಡಗಿಯಲ್ಲಿ ಅವಳು ಹಗಲೆಲ್ಲ ಕೆಲಸದಲ್ಲಿ ಇರುತ್ತಾಳೆ, ಮನೆಗೆ ಬೀಗ. ಬುಧವಾರ ಕೊನೆಯ ದಿನ. ಇನ್ನೊಂದು ಸಲ ನಾನು ಅದೇ ಕೆಲಸ ಮಾಡುತ್ತಿದ್ದೆ, ನನಗೆ ಒಗ್ಗಿದ ಹಾದಿ ಎಂದು ತಡವಾಗುವ ಹಾದಿಯನ್ನೇ ಹಿಡಿದು. ಕಾಗದವನ್ನು ಪೆಟ್ಟಿಗೆಗೆ ಹಾಕಲಿಲ್ಲ. ಶನಿವಾರ ರಜೆ ಹಾಕಿ, ಹಾವೇರಿಗೆ ಹೋಗಿ, ಅಲ್ಲಿಂದ ಬ್ಯಾಡಗಿಯ ಬಸ್ಸು ಹತ್ತಿದೆ. ಮೋಟೆಬೆನ್ನೂರು ದಾಟುವಾಗ ಇಳಿದು ಹಿಂದಿರುಗಲೇ ಎಂದು ಒಂದು ಸಲ ಎದ್ದು ನಿಂತೆ. ಕಂಡಕ್ಟರ್, “ಬ್ಯಾಡಗಿ ಇನ್ನೂ ಮುಂದ ಐತ್ರೀ ಯಜಮಾನ್ರ, ಕುಂದ್ರಿ” ಎಂದ. ಕೂತೆ.

ತಂಗಿ ಕೆಲಸ ಮಾಡುವುದು ಒಂದು ಗೋದಾಮಿನ ಹಿಂದಿನ ಅಂಗಳದಲ್ಲಿ. ಸುಗ್ಗಿಯ ಕಾಲ, ಬ್ಯಾಡಗಿಯಲ್ಲಿ ಗಾಳಿಗೂ ಖಾರ. ಹದಿನೈದು ಇಪ್ಪತ್ತು ಹೆಂಗಸರು ಮುಖಕ್ಕೆ ಸೆರಗು ಕಟ್ಟಿಕೊಂಡು ಕೆಂಪು ರಾಶಿಯ ಸುತ್ತ ಕೂತಿದ್ದರು. ನಾನು ಒಳಗೆ ಕಾಲಿಟ್ಟದ್ದೇ ಕೆಮ್ಮು ಹತ್ತಿತು, ಕಣ್ಣಿನಿಂದ ನೀರು ಸುರಿಯತೊಡಗಿತು.

“ನಿಮ್ಮಣ್ಣ ಬಂದಾನ ನೋಡಬೇ,” ಎಂದಳು ಒಬ್ಬಳು. “ತಂಗೀ ಮಾರಿ ನೋಡೂ ಮೊದಲ ಅಳಾಕತ್ತಾನ.”

“ಅವಂದ ಬರೀ ಕಾಗದ ಹಿಡಿಯೂ ಕೈ. ನಮ್ಮ ಗಾಳಿ ಹೆಂಗ ತಡೀತೈತಿ?” ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

ತಂಗಿ ಎದ್ದು ಬರಲಿಲ್ಲ. ಪಕ್ಕದಲ್ಲಿ ಗೋಣಿಚೀಲ ಹಾಸಿ, “ಕುಂದರು. ಕಣ್ಣ ಮುಟ್ಟಬ್ಯಾಡ, ಇನ್ನೂ ಉರೀತೈತಿ,” ಎಂದಳು. “ಮಗಳು ಕರಿಸ್ಯಾಳೇನು? ಅರ್ಜಿ ಮಾತಾದ್ರ ನಾನು ಹೇಳೇನಿ, ಒಲ್ಲೆ.”

ಹೊರಗೆ ಕರೆದು ಹೇಳಬೇಕೆಂದು ಬಂದಿದ್ದೆ. ಹೊರಗೆ ಕರೆದರೆ ಅಲ್ಲಿಗೆ ಹೋಗುವುದರೊಳಗೆ ನಾನು ಮಾತು ಬದಲಿಸುತ್ತೇನೆ ಎಂದು ಭಯವಾಗಿ ಅಲ್ಲೇ ಹೇಳಿದೆ. “ಅವರು ನಿನ್ನ ಬ್ಯಾಡ ಅಂದಿರಲಿಲ್ಲ. ಕರದಿದ್ರು. ಕತ್ತರಿ, ಟೇಪು, ಒಂದು ಮೀಟರ್ ಅರಿವಿ ತಗೊಂಡ ಬಾ ಅಂತ ನನ್ನ ಫೋನಿನಾಗ ಬಂದಿತ್ತು. ನಾನು ನೋಡಲಿಲ್ಲ. ನೋಡೂದ್ರಾಗ ದಿನ ಮುಗದಿತ್ತು. ಅದನ್ನ ಅಳಿಸಿ, ನಿನ್ನ ಹೆಸರು ಬಂದಿಲ್ಲ ಅಂತ ನಿನಗ ಸುಳ್ಳ ಹೇಳಿದೆ.”

ಅವಳ ಕೈ ನಿಲ್ಲಲಿಲ್ಲ. ನಾಲ್ಕು ಕಾಯಿ ತೊಟ್ಟು ಬಿಡಿಸಿ ಆ ಕಡೆ ಹಾಕಿದಳು. ಐದನೆಯದನ್ನು ಹಿಡಿದು ಕೈ ನಿಲ್ಲಿಸಿದಳು.

“ಅಳಿಸಿದಿ ಅಂದ್ರ ಅವತ್ತ ಹೋತೇನು ಅದು?”

ಇದನ್ನು ಕೇಳುತ್ತಾಳೆ ಎಂದು ನಾನು ಎಣಿಸಿರಲಿಲ್ಲ. “ಇಲ್ಲ. ಮೂವತ್ತ ದಿನ ಇತ್ತು. ಬೇಕಂದ್ರ ತಗೀಬಹುದಿತ್ತು.”

“ನೀನು ನೋಡ್ತಿದ್ದೇನು?”

“ದಿನಾ ನೋಡ್ತಿದ್ದೆ.”

“ಮೂವತ್ತ ದಿನ,” ಎಂದಳು. “ದಿನಾ ನೋಡಿ, ಮನೀಗೆ ಬಂದು, ನಾ ಬಡದ ರೊಟ್ಟಿ ತಿಂದಿ.”

ಸುತ್ತ ಯಾರೂ ನಗುತ್ತಿರಲಿಲ್ಲ. ಕೆಮ್ಮು ಮಾತ್ರ ಕೇಳುತ್ತಿತ್ತು.

“ನೌಕರಿ ಹೋಗಲಿ ಬಿಡು,” ಎಂದಳು. “ಹೋದ್ರೂ ಆರಿಸ್ತಿದ್ರೋ ಇಲ್ಲೋ ಯಾರಿಗೆ ಗೊತ್ತು. ನನ್ನ ಕೈ ಕೆಟ್ಟೈತಿ ಅಂತ ತಿಳಕೊಂಡ್ನೆಲ್ಲೋ ನಾನು. ಹೊಲದಿದ್ದೆಲ್ಲಾ ಬಿಚ್ಚತಿದ್ದೆ. ನೀನು ಅಲ್ಲೇ ಕುಂತು ಚಾ ಕುಡೀತಿದ್ದಿ.”

ತಪ್ಪಾಯಿತು ಎಂಬ ಮಾತನ್ನು ಬಸ್ಸಿನಲ್ಲಿ ಎಷ್ಟೋ ಸಲ ಹೇಳಿ ನೋಡಿಕೊಂಡಿದ್ದೆ. ಆಗ ಅದು ಬಾಯಿಗೆ ಬರಲಿಲ್ಲ.

“ಊರಾಗ ಏನ ಹೇಳಿದಿ?”

“ನಿನಗ ಆಗಲಿಲ್ಲ ಅಂತ.”

“ಯಾರಿಗೆ?”

“ಕೇಳಿದವರಿಗೆಲ್ಲ.”

“ಹಂಗಾರ ಕೇಳಿದವರಿಗೆಲ್ಲ ಹೋಗಿ ಹೇಳಿ ಬಾ, ಖರೇ ಏನೈತಿ ಅದನ್ನ. ನನ್ನ ಮುಂದ ಕುಂತು ಅತ್ರ ಏನ ಬಂತು? ಈಗ ಅದು ಅಳೂನೋ ಖಾರನೋ ಅದೂ ತಿಳಿಯಂಗಿಲ್ಲ.” ಐದನೆಯ ಕಾಯಿಯ ತೊಟ್ಟು ಬಿಡಿಸಿದಳು. “ಬಸ್ಸ ತಪ್ಪತೈತಿ, ಹೋಗು.”

ಅರ್ಜಿಯ ಮಾತು ಎತ್ತಿದೆ. “ಅದು ನಂದು,” ಎಂದಳು. ಅಷ್ಟೇ.

ಭಾನುವಾರ ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ನನ್ನನ್ನು ನೋಡದೆ ಎದ್ದು ಒಳಗೆ ಹೋದಳು. ಸೋಮವಾರ ರಜೆಯಿದ್ದರೂ ಹಂಚುವ ಹಾದಿಯಲ್ಲೇ ಮನೆಯಿಂದ ಮನೆಗೆ ಹೋದೆ, ಮಂಗಳವಾರ ಚೀಲದೊಂದಿಗೆ ಹೋದೆ. ಕೆಲವರಿಗೆ ಆರು ವರ್ಷದ ಹಿಂದಿನದು ನೆನಪೇ ಇರಲಿಲ್ಲ. “ಯಾವ ನೌಕರಿ? ಇರಲಿ ಬಿಡ್ರಿ,” ಎಂದರು. ಅವರಿಗೆ ನೆನಪು ಮಾಡಿಕೊಟ್ಟು ಹೇಳಬೇಕಾಯಿತು. ಕೆಲವರು ನೆಟ್ಟಗೆ ಮುಖ ನೋಡಿದರು. ಹೊಲಿಗೆ ಯಂತ್ರ ತೆಗೆದುಕೊಂಡ ಹುಡುಗಿ, “ಅಂದ್ರ ಅಕ್ಕಾ ಸುಮ್ಮ ಸುಮ್ಮನ ಕೊಟ್ಟಾಳೇನ್ರಿ ಇದನ್ನ?” ಎಂದು ಯಂತ್ರದ ಮೇಲಿನ ಬಟ್ಟೆ ಸರಿಸಿ ನೋಡಿದಳು.

ಮುದುಕಿ ಕಟ್ಟೆಯ ಮೇಲೇ ಇದ್ದಳು. ಕಣ್ಣಿನ ಆಪರೇಷನ್ನಿಗೆ ತಾರೀಖು ತಿಳಿಸಿ ಆಸ್ಪತ್ರೆಯಿಂದ ಕಾಗದ ಬರುತ್ತದೆಂದು ತಿಂಗಳಿನಿಂದ ಕಾಯುತ್ತಿದ್ದಾಳೆ. ಎಲ್ಲ ಕೇಳಿ ಅಂದಳು, “ಹಂಗಾರ ನನ್ನ ಕಣ್ಣಿನ ಕಾಗದಾನೂ ಬಂದಿರಬೇಕಲ್ಲೋ? ನೀನ ನುಂಗಿ ಕುಂತೀಯೇನು?”

“ಇಲ್ಲ ಆಯೀ. ಬಂದಿಲ್ಲ.”

“ಅವತ್ತೂ ಬಂದಿಲ್ಲ ಅಂತನ ಹೇಳಿದ್ದಿ. ಝಾಡಿಸು ಚೀಲ.”

ಕಟ್ಟೆಯ ಸುತ್ತ ನಾಲ್ಕೈದು ಮಂದಿ ಇದ್ದರು. ಚೀಲವನ್ನು ಬೋರಲು ಮಾಡಿ ಕಟ್ಟೆಯ ಮೇಲೆ ಸುರಿದೆ. ಒಂದೊಂದೇ ಕಾಗದ ಎತ್ತಿ ಹೆಸರು ಓದಿ ಹೇಳಿದೆ. ಅವಳದು ಇರಲಿಲ್ಲ. “ಫೋನೂ ತಗಿ,” ಎಂದಳು. ನಾನು ನಗಲಿಲ್ಲ, ತೆಗೆದು ತೋರಿಸಿದೆ. ಅವಳಿಗೆ ಕಾಣದೆಂದು ಪಕ್ಕದಲ್ಲಿದ್ದವನು ನೋಡಿ, “ಇಲ್ಲ ಆಯೀ” ಎಂದ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮಾತಿಗೆ ಇನ್ನೊಬ್ಬನ ಸಾಕ್ಷಿ ಬೇಕಾದದ್ದು ಅದೇ ಮೊದಲು.

ಸಂಜೆಗೆ ತಂಗಿಗೆ ಫೋನು ಮಾಡಿದೆ. ಎತ್ತಿದಳು.

“ಎಲ್ಲಾರಿಗೂ ಹೇಳಿದೆ,” ಎಂದೆ. ಯಾರ್ಯಾರು ಏನಂದರು ಎಂದು ಕೇಳಿದಳು. ಹೇಳಿದೆ. ಚೀಲ ಝಾಡಿಸಿದ್ದನ್ನೂ ಹೇಳಿದೆ. ಆ ಕಡೆ ನಗು ಬಂತೋ ಏನೋ, ಉಸಿರು ಸ್ವಲ್ಪ ತಡೆದ ಹಾಗಾಯಿತು.

“ನಾಳೆ ಕಡೀ ದಿನ,” ಎಂದೆ ಅಂಜುತ್ತಲೇ. “ಅರ್ಜಿ...”

“ಭಾನುವಾರನ ಹಾಕೀನಿ.”

“ನಾನು ಹೇಳಿ ಬರೂ ಮೊದಲ?”

“ಮತ್ತ? ಇನ್ನೊಂದ ಸಲ ನಿನ್ನ ಹಾದಿ ಕಾಯಬೇಕಿತ್ತೇನು?”

ಇ-ಮೇಲ್ ಯಾರದು ಕೊಟ್ಟಿದ್ದೀ ಎಂದು ಕೇಳಲಿಲ್ಲ. ಕರೆ ಬಂದರೆ ನನಗೆ ಹೇಳುತ್ತೀಯಾ ಎಂದು ಮಾತ್ರ ಕೇಳಿದೆ. ಹಿಂದೆ ಪಾತ್ರೆಯ ಸದ್ದು, ಮಗಳು ಏನೋ ಕೇಳಿದ್ದು, ಅವಳು ಅತ್ತ ತಿರುಗಿ ಉತ್ತರ ಕೊಟ್ಟದ್ದು ಕೇಳಿಸಿತು.

“ನೋಡೂಣು,” ಎಂದಳು. ಫೋನು ಇಟ್ಟಳು.

ಇದಾಗಿ ಮೂರು ವಾರವಾಯಿತು. ಅವಳು ಇನ್ನೂ ಏನೂ ಹೇಳಿಲ್ಲ. ಕರೆ ಬಂದಿಲ್ಲವೋ, ಬಂದೂ ನನಗೆ ಹೇಳಿಲ್ಲವೋ ಗೊತ್ತಿಲ್ಲ. ಕೇಳುವ ಹಕ್ಕು ನನಗಿಲ್ಲ.